ಇಪ್ಪತ್ತು ಡಾಲರ್ ನೋಟಿನಿಂದ ಕಾಣೆಯಾದ ಒಂದು ಸಾಲು

ಗೆ,
ಮಾನ್ಯ ಗವರ್ನರ್ ಅವರು,
ಬ್ಯಾಂಕ್ ಆಫ್ ಕೆನಡಾ,
ಒಟ್ಟಾವ.

ವಿಷಯ: ಕಾದಂಬರಿಗಾರ್ತಿ ಗಾಬ್ರಿಯೆಲ್ ರ್ವಾ ಅವರನ್ನು ಮತ್ತೆ ನೋಟಿನ ಮೇಲೆ ತರುವ ಬಗ್ಗೆ.

ಮಾನ್ಯರೇ,

ನಾನು ವಿನ್ನಿಪೆಗ್‌ನಲ್ಲಿ ಕ್ಯಾಶಿಯರ್. 2009ರಲ್ಲಿ ತಿಪಟೂರಿನಿಂದ ಇಲ್ಲಿಗೆ ಬಂದೆ. ಮೊದಲ ಮೂರು ವರ್ಷ ದಿನಸಿ ಅಂಗಡಿಯ ಕೌಂಟರಿನಲ್ಲಿ ನಿಂತೆ. ಆಮೇಲಿಂದ ಇವತ್ತಿನವರೆಗೆ ಒಂದು ಬ್ಯಾಂಕಿನ ಶಾಖೆಯಲ್ಲಿ ಕೂತಿದ್ದೇನೆ. ನಿಂತರೂ ಕೂತರೂ ಕೆಲಸ ಒಂದೇ, ನೀವು ಅಚ್ಚು ಹಾಕಿಸಿದ ನೋಟು ಎಣಿಸೋದು. ಬಡ್ಡಿ ದರದ ಬಗ್ಗೆ ನಿಮಗೆ ದಿನಾ ಪತ್ರ ಬರುತ್ತಿರಬಹುದು. ಇದು ಆ ಪತ್ರ ಅಲ್ಲ. ನಮ್ಮ ಮನೆ ಸಾಲದ ಕಂತಿನ ವಿಷಯ ಹೇಳಲು ಹೊರಟರೆ ಅದಕ್ಕೆ ಬೇರೆ ಪತ್ರವೇ ಬೇಕು.

ಇದರ ಇಂಗ್ಲಿಷ್ ಪ್ರತಿಯನ್ನು ಅಂಚೆಗೆ ಹಾಕಿದ್ದೇನೆ. ಕನ್ನಡದ ಪ್ರತಿ ನಮ್ಮವರು ಓದಲಿ ಅಂತ. ಮೊದಲು ಬರೆದದ್ದು ಕನ್ನಡದಲ್ಲೇ. ನಾನು ಹೇಳಬೇಕೆಂದಿರುವ ಹೆಂಗಸು ಸಣ್ಣವರಿದ್ದಾಗ ಅವರ ಮನೆಮಾತಿನ ಪುಸ್ತಕವನ್ನು ಡೆಸ್ಕಿನೊಳಗೆ ಬಚ್ಚಿಡಬೇಕಾಗಿತ್ತು. ಅಂಥವರ ಬಗ್ಗೆ ಬರೆಯುವಾಗ ನಾನು ನನ್ನ ಮನೆಮಾತು ಬಚ್ಚಿಟ್ಟರೆ ಚೆನ್ನಾಗಿರಲ್ಲ, ಅಲ್ವಾ?

ಅಂಗಡಿಗೆ ಸೇರಿದ ಮೊದಲ ವಾರ ನೋಟುಗಳನ್ನು ಒಂದೇ ಮುಖಕ್ಕೆ ಜೋಡಿಸಿ ಕಟ್ಟು ಮಾಡೋದನ್ನು ಹೇಳಿಕೊಟ್ಟರು. ಊರಿನಲ್ಲಿ ನೋಟು ಕೈಗೆ ಬಂದರೆ ಹಿಂಬದಿ ತಿರುಗಿಸಿ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೇ ಸಾಲಿನ ಕನ್ನಡ ನೋಡೋದು ನನ್ನ ಸಣ್ಣಂದಿನ ಚಾಳಿ. ಇಲ್ಲೂ ಕೈ ತಾನಾಗಿ ತಿರುಗಿಸಿತು. ಆಗ ಚಲಾವಣೆಯಲ್ಲಿ ಇದ್ದದ್ದು 2004ರಲ್ಲಿ ಬಂದ ಹಸಿರು ಇಪ್ಪತ್ತರ ನೋಟು. ಮುಂದೆ ರಾಣಿ. ಹಿಂದೆ ಹೈಡಾ ಜನಾಂಗದ ಕಲಾವಿದ ಬಿಲ್ ರೀಡ್ ಅವರ ಕೆತ್ತನೆಗಳು, ಕಾಗೆಯಂಥ ದೊಡ್ಡ ಹಕ್ಕಿ, ದೋಣಿ ತುಂಬ ಪ್ರಾಣಿಗಳು. ಅದರ ಬದಿಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನ ಒಂದು ವಾಕ್ಯ, ಫ್ರೆಂಚಿನ ಒಂದು ವಾಕ್ಯ, ಮತ್ತೆ ಒಂದು ಹೆಸರು. ನಾನು ಅದನ್ನು ಗೇಬ್ರಿಯಲ್ ರಾಯ್ ಅಂತ ಓದಿಕೊಂಡೆ. ರಾಯ್ ಅಂದರೆ ಬಂಗಾಳದವರೇ ಇರಬೇಕು, ನಮ್ಮ ಕಡೆಯವರೊಬ್ಬರು ಕೆನಡಾದ ನೋಟು ಹತ್ತಿದ್ದಾರಲ್ಲ ಅಂತ ಒಂದು ತಿಂಗಳು ಒಳಗೊಳಗೇ ಹಿಗ್ಗಿದೆ.

ನನ್ನ ಹಿಗ್ಗು ಇಳಿಸಿದವರು ವಾರಕ್ಕೊಮ್ಮೆ ಬರುತ್ತಿದ್ದ ಒಬ್ಬ ಅಜ್ಜಿ. ಎಂಬತ್ತರ ಹತ್ತಿರದವರು. ರೆಡ್ ನದಿಯ ಆಚೆ ದಡದ, ಫ್ರೆಂಚ್ ಮಾತಾಡುವವರ ಸೇಂಟ್ ಬೋನಿಫೇಸ್‌ನವರು. ಚಿಲ್ಲರೆ ಕೊಡುವಾಗ ನಾನು ಆ ಹೆಸರು ಓದಿದೆ. ಅವರು ಕೈಚೀಲ ಕೆಳಗಿಟ್ಟು ತಿದ್ದಿದರು. ರಾಯ್ ಅಲ್ಲ, ರ್ವಾ. ಬಂಗಾಳದವರಲ್ಲ, ನಮ್ಮ ಬೀದಿಯವರು. ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮಿದರು. ಅಜ್ಜಿ ತಿರುಗಿ ನೋಡಿ ಮತ್ತೆ ಮಾತು ಮುಂದುವರಿಸಿದರು.

ನೋಟಿನ ಮೇಲಿದ್ದ ವಾಕ್ಯ ನಿಮಗೆ ನೆನಪಿರಬಹುದು. ಇಂಗ್ಲಿಷಿನಲ್ಲಿ ಅದು, ಕಲೆಗಳು ಇಲ್ಲದಿದ್ದರೆ ನಾವು ಒಬ್ಬರನ್ನೊಬ್ಬರು ಚೂರಾದರೂ ಅರಿಯುತ್ತಿದ್ದೆವೇ ಅಂತ ಕೇಳುತ್ತದೆ. ಫ್ರೆಂಚಿನಲ್ಲಿ ಹಾಗಿಲ್ಲ. ಅಲ್ಲಿರೋದು ನಮ್ಮನ್ನು ನಾವೇ ಅರಿಯುತ್ತಿದ್ದೆವೇ ಅನ್ನೋ ಪ್ರಶ್ನೆ. 1961ರಲ್ಲಿ ಬಂದ ಅವರ ಒಂದು ಕಾದಂಬರಿಯಿಂದ ತೆಗೆದ ಸಾಲು ಅದು. ಉತ್ತರದ ಹಿಮದ ನಾಡಿನಲ್ಲಿ ಅಲೆಯುವ ಒಬ್ಬ ಚಿತ್ರಗಾರನ ಕಥೆ. ಫ್ರೆಂಚ್ ಕಲಿತ ನನ್ನ ಮಗಳು ಈ ವ್ಯತ್ಯಾಸ ತೋರಿಸಿದಾಗ ನನಗೆ ಇದೊಳ್ಳೆ ತಮಾಷೆ ಅನ್ನಿಸಿತು. ಒಂದೇ ನೋಟು, ಒಂದೇ ಬೆಲೆ, ಎರಡು ಅರ್ಥ. ಈ ದೇಶದಲ್ಲಿ ಎರಡು ಭಾಷೆಯವರು ಒಂದೇ ಮನೆಯಲ್ಲಿ ಹೇಗಿದ್ದಾರೆ ಅನ್ನೋದಕ್ಕೆ ಅದಕ್ಕಿಂತ ಸಣ್ಣ ಜಾಗದಲ್ಲಿ ಪುರಾವೆ ಸಿಗಲ್ಲ.

2012ರ ನವೆಂಬರಿನಲ್ಲಿ ಪಾಲಿಮರ್ ಅನ್ನೋ ಪ್ಲಾಸ್ಟಿಕ್ಕಿನ ನೋಟು ಬಂತು. ಆ ಸಾಲು ಹೋಯಿತು. ನನ್ನ ದೂರು ಇಷ್ಟೇ. ಆದರೆ ಇಷ್ಟೇ ಅಂತ ಬರೆದು ಮಡಚಿಟ್ಟರೆ ಹೋದದ್ದು ಏನು ಅಂತ ನಿಮ್ಮ ಕಚೇರಿಗೆ ತಿಳಿಯಲ್ಲ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಕ್ಷಮಿಸಿ.

ಗಾಬ್ರಿಯೆಲ್ ರ್ವಾ ಹುಟ್ಟಿದ್ದು 1909ರ ಮಾರ್ಚ್ 22ರಂದು. ಹನ್ನೊಂದು ಮಕ್ಕಳಲ್ಲಿ ಕೊನೆಯವರು. ಅಪ್ಪ ಲಿಯೋನ್ ಸರ್ಕಾರದ ನೌಕರ. ಬೇರೆ ದೇಶಗಳಿಂದ ಬಂದ ವಲಸೆಗಾರರನ್ನು ರೈಲಿನಿಂದ ಇಳಿಸಿಕೊಂಡು ಬಯಲು ಸೀಮೆಯಲ್ಲಿ ಜಮೀನು ತೋರಿಸಿ ನೆಲೆ ನಿಲ್ಲಿಸೋದು ಅವರ ಕೆಲಸ. 1905ರಲ್ಲಿ ಡೆಶಾಂಬೋ ಬೀದಿಯಲ್ಲಿ ಮನೆ ಕಟ್ಟಿಸಿದರು. 1915ರಲ್ಲಿ, ನಿವೃತ್ತಿ ಹತ್ತಿರ ಬಂದಿದ್ದಾಗ, ಅವರನ್ನು ಕೆಲಸದಿಂದ ತೆಗೆದರು. ಸರ್ಕಾರ ಬದಲಾಗಿತ್ತು, ಅವರು ಹಳೇ ಪಕ್ಷದ ಕಡೆಯವರು. ಪಿಂಚಣಿಯೂ ಇಲ್ಲ. ಊರೂರು ತಿರುಗಿ ಇನ್ನೊಬ್ಬರಿಗೆ ನೆಲೆ ಮಾಡಿಕೊಟ್ಟವರು ಸ್ವಂತ ಮನೆಯಲ್ಲಿ ಕೈಕಟ್ಟಿ ಕೂತರು. ತಾಯಿ ಮೆಲಿನಾ ಬಟ್ಟೆ ಹೊಲಿದು, ಮನೆಯಲ್ಲಿ ಬಾಡಿಗೆಯವರನ್ನು ಇಟ್ಟುಕೊಂಡು ಸಂಸಾರ ತೂಗಿಸಿದರು.

ಹಣ ಇಲ್ಲದಿರೋದು ಒಂದು ಕಡೆ. ಇನ್ನೊಂದು ಕಡೆ ಭಾಷೆ. 1916ರಲ್ಲಿ ನಮ್ಮ ಈ ಮಾನಿಟೋಬಾ ಪ್ರಾಂತದ ಸರ್ಕಾರ ಶಾಲೆಗಳಲ್ಲಿ ಇಂಗ್ಲಿಷ್ ಒಂದರಲ್ಲೇ ಪಾಠ ಮಾಡಬೇಕು ಅಂತ ಕಾನೂನು ತಂದಿತು. ಗಾಬ್ರಿಯೆಲ್‌ಗೆ ಆಗ ಏಳು ವರ್ಷ, ಶಾಲೆಗೆ ಸೇರಿ ಒಂದು ವರ್ಷ ಆಗಿತ್ತಷ್ಟೇ. ಪಾಠ ಮಾಡುತ್ತಿದ್ದ ಸನ್ಯಾಸಿನಿಯರು ಕಾನೂನಿಗೆ ತಲೆ ಆಡಿಸಿ, ಬಾಗಿಲು ಹಾಕಿಕೊಂಡು ಫ್ರೆಂಚ್ ಕಲಿಸಿದರು. ಇನ್‌ಸ್ಪೆಕ್ಟರು ಬರುವ ಸುದ್ದಿ ಬಂದರೆ ಫ್ರೆಂಚ್ ಪುಸ್ತಕ ಮಾಯ, ಇಂಗ್ಲಿಷ್ ಪುಸ್ತಕ ಹಾಜರ್. ಈ ಹುಡುಗಿ ಎದ್ದು ನಿಂತು ಷೇಕ್ಸ್‌ಪಿಯರ್‌ನ ಸಾಲು ಒಪ್ಪಿಸಿ ಸಾಹೇಬರನ್ನು ಖುಷಿಪಡಿಸಿ ಕಳಿಸುತ್ತಿದ್ದಳು. ಎರಡೂ ಭಾಷೆಯಲ್ಲಿ ಬಹುಮಾನ ಹೊಡೆದಳು, ಅದು ಬೇರೆ ಮಾತು. ನಮ್ಮ ಅಂಗಡಿಯ ಅಜ್ಜಿ ಇಪ್ಪತ್ತು ವರ್ಷ ಆಮೇಲೆ ಓದಿದವರು. ಅವರ ಕಾಲದಲ್ಲೂ ಪುಸ್ತಕ ಬಚ್ಚಿಡೋದು ನಡೆದೇ ಇತ್ತಂತೆ. ಯಾವ ಡೆಸ್ಕಿನ ಒಳಗೆ ಅಂತ ಕೈಯಲ್ಲಿ ಅಳತೆ ಮಾಡಿ ತೋರಿಸಿದರು. ಫ್ರೆಂಚಿನಲ್ಲಿ ಪಾಠ ಮಾಡುವ ಹಕ್ಕು ಪೂರ್ತಿ ವಾಪಸ್ ಬಂದಿದ್ದು 1970ರಲ್ಲಿ.

ಅವರ ಆತ್ಮಕಥೆ ಶುರುವಾಗೋದೇ ಒಂದು ಪ್ರಶ್ನೆಯಿಂದ. ನನ್ನ ದೇಶದಲ್ಲೇ ನಾನು ಕೀಳಾಗಿ ನಡೆಸಿಕೊಳ್ಳಲು ಹುಟ್ಟಿದ ಪಂಗಡದವಳು ಅಂತ ಮೊದಲ ಸಲ ಗೊತ್ತಾಗಿದ್ದು ಯಾವಾಗ ಅನ್ನೋ ಅರ್ಥದ ಪ್ರಶ್ನೆ. ಉತ್ತರ ಹುಡುಕಿಕೊಂಡು ಅವರು ನದಿ ದಾಟುತ್ತಾರೆ. ತಾಯಿಯ ಜೊತೆ ಸೇತುವೆ ದಾಟಿ ವಿನ್ನಿಪೆಗ್‌ನ ಈಟನ್ಸ್ ಅಂಗಡಿಗೆ ಹೋಗೋದು. ಸೇತುವೆಯ ಈ ತುದಿಯಲ್ಲಿ ಜೋರಾಗಿ ಹರಟುತ್ತಿದ್ದ ತಾಯಿ ಆ ತುದಿಗೆ ಬರುವಷ್ಟರಲ್ಲಿ ದನಿ ತಗ್ಗಿಸೋದು. ಮನಸ್ಸು ಗಟ್ಟಿಯಾಗಿದ್ದ ದಿನ ಫ್ರೆಂಚ್ ಬರುವ ಮಾರಾಟಗಾರ್ತಿಯನ್ನು ಕರೆಸಿ ಅಂತ ಪಟ್ಟು ಹಿಡಿಯೋದು. ಸೋತ ದಿನ ತಡವರಿಸುವ ಇಂಗ್ಲಿಷಿನಲ್ಲೇ ಸಾಮಾನು ಕೇಳೋದು. ಈಟನ್ಸ್ ಈಗಿಲ್ಲ, ಆ ಜಾಗದಲ್ಲಿ ಹಾಕಿ ಕ್ರೀಡಾಂಗಣ ಇದೆ. ನಾನು ಬಸ್ಸಿನಲ್ಲಿ ಅಲ್ಲಿ ಹಾದು ಹೋಗುವಾಗ ಅಮ್ಮನಿಗೆ ಫೋನು ಮಾಡುತ್ತಿದ್ದರೆ ಅಕ್ಕಪಕ್ಕದವರನ್ನು ನೋಡಿ ದನಿ ತಗ್ಗುತ್ತದೆ. ಯಾರೂ ತಗ್ಗಿಸು ಅಂದಿಲ್ಲ. ಆದರೂ ತಗ್ಗುತ್ತದೆ. ನನ್ನ ಕಥೆಯನ್ನು ಅವರ ಕಥೆಗೆ ಹೋಲಿಸಲ್ಲ. ನಾನು ಬೇಕು ಅಂತ ಬಂದವಳು, ಅವರ ಜನ ಈ ಪ್ರಾಂತ ಹುಟ್ಟುವ ಮುಂಚಿನಿಂದ ಇಲ್ಲಿದ್ದವರು.

1929ರಲ್ಲಿ ಅಪ್ಪ ತೀರಿಕೊಂಡರು. ಅದೇ ವರ್ಷ ಗಾಬ್ರಿಯೆಲ್ ಮೇಷ್ಟ್ರ ಕೆಲಸ ಹಿಡಿದರು. ಮೊದಲು ಹಳ್ಳಿ ಶಾಲೆ, ಆಮೇಲೆ ಏಳು ವರ್ಷ ಸೇಂಟ್ ಬೋನಿಫೇಸ್‌ನಲ್ಲೇ ಒಂದನೇ ಕ್ಲಾಸಿನ ಗಂಡು ಮಕ್ಕಳಿಗೆ. ಇಟಲಿಯವರು, ಉಕ್ರೇನಿನವರು, ರಷ್ಯಾದವರು, ಅಪ್ಪ ಎಂದೋ ಇಳಿಸಿಕೊಂಡು ತಂದಂಥ ಜನರ ಮಕ್ಕಳು. ಆ ಮಕ್ಕಳ ನೆನಪನ್ನು ಅವರು ನಲವತ್ತು ವರ್ಷ ಒಳಗೇ ಇಟ್ಟುಕೊಂಡು 1977ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಒಬ್ಬ ಬಡ ಹುಡುಗ ಇದ್ದಾನೆ. ಕ್ರಿಸ್ಮಸ್ಸಿಗೆ ಎಲ್ಲರೂ ಟೀಚರಿಗೆ ಉಡುಗೊರೆ ತರುತ್ತಾರೆ, ಅವನ ಹತ್ತಿರ ಏನೂ ಇಲ್ಲ. ಕೊರಗಿ ಕೊರಗಿ ಕಡೆಗೆ ಹಿಮ ಬೀಳುತ್ತಿರುವಾಗ ನಡೆದುಕೊಂಡು ಬಂದು ಒಂದು ಕರವಸ್ತ್ರ ಕೈಗಿಡುತ್ತಾನೆ. ನಾನು ಈ ಕಥೆ ಓದಿದ್ದು ಊಟದ ವಿರಾಮದಲ್ಲಿ. ಮತ್ತೆ ಕೌಂಟರಿಗೆ ಹೋಗಲು ಐದು ನಿಮಿಷ ತಡವಾಯಿತು. ಮ್ಯಾನೇಜರಿಗೆ ಹೊಟ್ಟೆನೋವು ಅಂದೆ.

1937ರಲ್ಲಿ, ಉಳಿಸಿದ ಸಂಬಳ ಕಟ್ಟಿಕೊಂಡು, ನಾಟಕ ಕಲಿಯುತ್ತೇನೆ ಅಂತ ಯುರೋಪಿಗೆ ಹೊರಟುಬಿಟ್ಟರು. ಖಾಯಂ ಕೆಲಸ ಬಿಟ್ಟು, ವಯಸ್ಸಾದ ತಾಯಿಯನ್ನು ಬಿಟ್ಟು. ಮನೆಯವರಿಗೆ ಸಿಟ್ಟು ಬಂತು. ಒಬ್ಬ ಅಕ್ಕನ ಸಿಟ್ಟು ಮುದುಕಿಯಾದರೂ ಇಳಿಯಲಿಲ್ಲ, ಆಕೆ ತಂಗಿಯ ಮೇಲೆ ಪುಸ್ತಕವನ್ನೇ ಬರೆದರು. ನನಗೆ ಆ ಅಕ್ಕನ ಮೇಲೂ ಕೋಪ ಬರಲ್ಲ. ಊರು ಬಿಟ್ಟು ಬಂದ ತಂಗಿ ನಾನು. ನಮ್ಮಕ್ಕ ಫೋನಿನಲ್ಲಿ ಸುಮ್ಮನಾಗುವ ರೀತಿ ನನಗೆ ಗೊತ್ತು.

ಲಂಡನ್, ಪ್ಯಾರಿಸ್ ಸುತ್ತಿ, ನಟಿಯಾಗೋದು ತನ್ನ ಕೈಲಾಗಲ್ಲ ಅಂತ ಅರಿತು, 1939ರಲ್ಲಿ ಯುದ್ಧದ ವಾಸನೆ ಹೊಡೆಯುತ್ತಿರುವಾಗ ವಾಪಸ್ ಬಂದರು. ಮಾನಿಟೋಬಾಕ್ಕಲ್ಲ, ಮಾಂಟ್ರಿಯಲ್‌ಗೆ. ಒಂದು ಬಾಡಿಗೆ ಕೋಣೆ, ಪತ್ರಿಕೆಗಳಿಗೆ ಬಿಡಿ ಲೇಖನ, ಲೇಖನಕ್ಕಿಷ್ಟು ಅಂತ ದುಡ್ಡು. ಸಂಜೆ ಗುಡ್ಡ ಇಳಿದು ಸೇಂಟ್ ಆನ್ರಿ ಅನ್ನೋ ಕೂಲಿಗಳ ಬಡಾವಣೆಯಲ್ಲಿ ನಡೆಯುತ್ತಿದ್ದರು. ಮೇಲೆ ಗುಡ್ಡದಲ್ಲಿ ಇಂಗ್ಲಿಷ್ ಸಾಹುಕಾರರ ವೆಸ್ಟ್‌ಮೌಂಟ್. ಕೆಳಗೆ ರೈಲು ಹಳಿ, ಕಾಲುವೆ, ಹತ್ತಿ ಗಿರಣಿ, ಹೊಗೆ. ಆ ನಡಿಗೆಯಿಂದ ಬಂದದ್ದು 1945ರ ಅವರ ಮೊದಲ ಕಾದಂಬರಿ, ಬೊನೂರ್ ದೊಕಾಜ್ಯೋಂ. ಹೆಸರಿನ ಅರ್ಥ ಹೆಚ್ಚುಕಮ್ಮಿ ಸೆಕೆಂಡ್ ಹ್ಯಾಂಡ್ ಸುಖ. ಇನ್ನೊಬ್ಬರು ಬಳಸಿ ಬಿಟ್ಟದ್ದು, ಅಗ್ಗಕ್ಕೆ ಸಿಕ್ಕಿದ್ದು. ಇಂಗ್ಲಿಷಿನಲ್ಲಿ ಅದು ದಿ ಟಿನ್ ಫ್ಲೂಟ್ ಆಯಿತು, ತಗಡಿನ ಕೊಳಲು.

ಗವರ್ನರ್ ಅವರೇ, ಈ ಕಾದಂಬರಿಯ ಪ್ರತಿ ಪುಟದಲ್ಲೂ ಚಿಲ್ಲರೆ ಸದ್ದು ಮಾಡುತ್ತದೆ. ಫ್ಲೋರಾಂಟಿನ್ ಅನ್ನೋ ಹತ್ತೊಂಬತ್ತರ ಹುಡುಗಿ ಅಗ್ಗದ ಸಾಮಾನಿನ ಅಂಗಡಿಯೊಂದರ ತಿಂಡಿ ಕೌಂಟರಿನಲ್ಲಿ ಬಡಿಸುತ್ತಾಳೆ. ಅವಳ ಸಂಬಳ ಮನೆಗೆ. ಅಪ್ಪ ಅಜಾರಿಯುಸ್ ಬಡಗಿ, ಕೈಯಲ್ಲಿ ಕೆಲಸ ಇಲ್ಲ, ಬಾಯಲ್ಲಿ ಯೋಜನೆಗಳು ಬೇಕಾದಷ್ಟು. ಅಮ್ಮ ರೋಸ್ ಆನಾ ಮತ್ತೆ ಬಸುರಿ. ವಸಂತ ಬಂತು ಅಂದರೆ ಬಾಡಿಗೆ ಕಟ್ಟಲಾಗದೆ ಇನ್ನೂ ಸಣ್ಣ ಮನೆ ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಾಳೆ. ಕಾಯಿಲೆಯ ಸಣ್ಣ ಮಗ ದಾನಿಯೆಲ್‌ಗೆ ತಗಡಿನ ಕೊಳಲೊಂದರ ಆಸೆ. ರೋಸ್ ಆನಾ ಅಂಗಡಿಯಲ್ಲಿ ಅದನ್ನು ನೋಡುತ್ತಾಳೆ. ಆ ದುಡ್ಡಿನಲ್ಲಿ ಏನೇನು ಆಗಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆ. ಕೊಳ್ಳಲ್ಲ. ನಾನು ಕೌಂಟರಿನ ಈಚೆ ನಿಂತು ಈ ಲೆಕ್ಕವನ್ನು ಎಷ್ಟು ಮುಖಗಳ ಮೇಲೆ ನೋಡಿದ್ದೇನೋ. ಎಲ್ಲಾ ಸಾಮಾನು ಬೆಲ್ಟಿನ ಮೇಲೆ ಇಟ್ಟು, ಮೊತ್ತ ನೋಡಿ, ಒಂದು ಚಾಕಲೇಟು ಪೊಟ್ಟಣವನ್ನು ಮೆಲ್ಲಗೆ ಬದಿಗೆ ಸರಿಸುವ ತಾಯಂದಿರು. ಮಗು ಕಡೆ ನೋಡಲ್ಲ ಅವರು. ನನ್ನ ಕಡೆಯೂ ನೋಡಲ್ಲ.

ದಾನಿಯೆಲ್ ಆಸ್ಪತ್ರೆಯಲ್ಲಿ ಸಾಯುತ್ತಾನೆ. ಗುಡ್ಡದ ಮೇಲಿನ ಇಂಗ್ಲಿಷ್ ಆಸ್ಪತ್ರೆ. ಜೆನ್ನಿ ಅನ್ನೋ ನರ್ಸನ್ನು ಅವನು ತುಂಬಾ ಹಚ್ಚಿಕೊಂಡಿರುತ್ತಾನೆ. ಅವಳಿಗೆ ಫ್ರೆಂಚ್ ಬರಲ್ಲ, ಅವನಿಗೆ ಇಂಗ್ಲಿಷ್ ಬರಲ್ಲ. ಮಗ ಆ ಹೆಸರು ಹೇಳುವಾಗ ತಾಯಿಗೆ ಹೊಟ್ಟೆ ಚುರ್ ಅನ್ನುತ್ತದೆ. ಅಲ್ಲಿ ಲೇಖಕಿ ಯಾರನ್ನೂ ಬಯ್ಯಲ್ಲ. ಬಯ್ದಿದ್ದರೆ ಓದೋದು ಸುಲಭ ಇತ್ತು.

ಪುಸ್ತಕ ಎಲ್ಲಿಂದ ಎಲ್ಲಿಗೋ ಹೋಯಿತು. 1947ರಲ್ಲಿ ಅಮೆರಿಕದ ಒಂದು ದೊಡ್ಡ ಪುಸ್ತಕ ಸಂಘ ಅದನ್ನು ಆರಿಸಿ ಸುಮಾರು 7 ಲಕ್ಷ ಪ್ರತಿ ಅಚ್ಚು ಹಾಕಿಸಿತು. ಹಾಲಿವುಡ್‌ನವರು ಹಕ್ಕು ಕೊಂಡರು, ಸಿನಿಮಾ ಮಾತ್ರ ಮಾಡಲೇ ಇಲ್ಲ. ಅದೇ ವರ್ಷ ಫ್ರಾನ್ಸಿನ ಫೆಮಿನಾ ಬಹುಮಾನ ಬಂತು, ಕೆನಡಾದವರಿಗೆ ಅದು ಮೊದಲ ಸಲ. ರಾಯಲ್ ಸೊಸೈಟಿ ಆಫ್ ಕೆನಡಾ ಕೂಡ ಇವರನ್ನು ಒಳಗೆ ಬಿಟ್ಟುಕೊಂಡಿತು. ಡಾಕ್ಟರ್ ಒಬ್ಬರನ್ನು ಮದುವೆಯಾಗಿ ಮೂರು ವರ್ಷ ಫ್ರಾನ್ಸಿಗೆ ಹೋದರು. ಕಾದಂಬರಿಯನ್ನು ತಾಯಿ ಮೆಲಿನಾ ಹೆಸರಿಗೆ ಅರ್ಪಿಸಿದ್ದಾರೆ. ತಾಯಿ 1943ರಲ್ಲೇ ಹೋಗಿಬಿಟ್ಟಿದ್ದರು, ಇದರಲ್ಲಿ ಒಂದನ್ನೂ ನೋಡಲಿಲ್ಲ.

ಇಲ್ಲಿ ಅನುವಾದದ ಒಂದು ಕಥೆ ಹೇಳಲೇಬೇಕು. ಕೆನಡಾದ ಫ್ರೆಂಚಿನಲ್ಲಿ ಗಾಳಿಗೆ ಪುಡಿಪುಡಿಯಾಗಿ ಏಳುವ ಹಿಮಕ್ಕೆ ಪೂದ್ರೆರಿ ಅನ್ನುತ್ತಾರೆ. ಫ್ರಾನ್ಸಿನ ಫ್ರೆಂಚಿನಲ್ಲಿ ಅದೇ ಪದಕ್ಕೆ ಸಿಡಿಮದ್ದಿನ ಕಾರ್ಖಾನೆ ಅಂತ ಅರ್ಥ. 1947ರ ಇಂಗ್ಲಿಷ್ ಅನುವಾದದಲ್ಲಿ ಹಿಮಗಾಳಿ ಏಳಬೇಕಾದ ಕಡೆ ಮದ್ದಿನ ಕಾರ್ಖಾನೆ ಸಿಡಿದುಬಿಟ್ಟಿತು! ಲಕ್ಷಾಂತರ ಜನ ಅದನ್ನು ಹಾಗೇ ಓದಿಕೊಂಡರು. 1980ರಲ್ಲಿ ಬೇರೆಯವರು ಹೊಸ ಅನುವಾದ ಮಾಡಿದರು. ಜನವರಿಯಲ್ಲಿ ವಿನ್ನಿಪೆಗ್‌ನ ಬಸ್‌ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತಿದ್ದರೆ ಆ ಅನುವಾದಕರಿಗೆ ತಪ್ಪು ಆಗುತ್ತಿರಲಿಲ್ಲ. ಆದರೆ ಮೈನಸ್ ಮೂವತ್ತರ ಗಾಳಿ ಮುಖಕ್ಕೆ ಹೊಡೆದಾಗ ಮದ್ದೇ ಸಿಡಿದ ಹಾಗಿರುತ್ತದೆ ಅನ್ನೋದು ಬೇರೆ ವಿಷಯ.

ಇನ್ನು ನಿಮಗೆ ನೇರವಾಗಿ ಸಂಬಂಧಪಟ್ಟ ಪುಸ್ತಕಕ್ಕೆ ಬರುತ್ತೇನೆ. 1954ರ ಅಲೆಕ್ಸಾಂದ್ರ್ ಶೆನ್‌ವೇರ್. ಇಂಗ್ಲಿಷಿನಲ್ಲಿ ದಿ ಕ್ಯಾಶಿಯರ್. ಆ ಹೆಸರು ನೋಡಿ ಲೈಬ್ರರಿಯಲ್ಲಿ ಕೈ ಹಾಕಿದವಳು ನಾನು. ಮಾಂಟ್ರಿಯಲ್‌ನ ಒಂದು ಬ್ಯಾಂಕಿನಲ್ಲಿ ಜಾಲರಿ ಹಿಂದೆ ಕೂತು ಇನ್ನೊಬ್ಬರ ದುಡ್ಡು ಎಣಿಸುವ ಐವತ್ತೆರಡರ ಸಣಕಲು ಮನುಷ್ಯ. ಸಂಸಾರ ಇದೆ, ಅಜೀರ್ಣ ಇದೆ, ರಾತ್ರಿ ನಿದ್ದೆ ಇಲ್ಲ. ಪ್ರಪಂಚದ ಚಿಂತೆಯೆಲ್ಲ ತನ್ನದೇ ಅನ್ನೋ ಹಾಗೆ ಪೇಪರ್ ಓದಿ ಒದ್ದಾಡುತ್ತಾನೆ. ಗಾಂಧೀಜಿ ಉಪವಾಸ ಕೂತ ಸುದ್ದಿ ಅವನನ್ನು ಕಾಡುತ್ತದೆ. ಅದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ನಾನು ಹುಟ್ಟಿದ ದೇಶದ ನೋಟಿನ ಮೇಲಿರುವ ಮುದುಕನಿಗಾಗಿ ನಾನು ಬದುಕುತ್ತಿರುವ ದೇಶದ ಒಬ್ಬ ಕ್ಯಾಶಿಯರ್ ಕಥೆಯೊಳಗೆ ತಳಮಳಿಸುತ್ತಿದ್ದಾನೆ.

ಒಂದು ದಿನ ಅವನ ಲೆಕ್ಕದಲ್ಲಿ ನೂರು ಡಾಲರ್ ಕಮ್ಮಿ ಬರುತ್ತದೆ. ಯಾರಿಗೋ ಜಾಸ್ತಿ ಕೊಟ್ಟಿರುತ್ತಾನೆ. ಗವರ್ನರ್ ಅವರೇ, ಸಂಜೆ ಡ್ರಾಯರ್ ತಾಳೆಯಾಗದೆ ಇದ್ದಾಗ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ನಿಮಗೆ ಯಾರಾದರೂ ಹೇಳಿದ್ದಾರಾ? ನನಗೆ ಒಮ್ಮೆ ಅರವತ್ತು ಡಾಲರ್ ಕಮ್ಮಿ ಬಂದಿತ್ತು. ಮೂರು ಇಪ್ಪತ್ತರ ನೋಟು. ರಾತ್ರಿ ಎರಡು ಗಂಟೆಗೂ ಎದ್ದು ಕೂತು ಬೆಳಿಗ್ಗೆಯಿಂದ ಬಂದ ಮುಖಗಳನ್ನೆಲ್ಲ ನೆನಪು ಮಾಡಿಕೊಂಡೆ. ಯಾವ ಕಾದಂಬರಿಕಾರರಿಗೆ ಇದು ಕಾದಂಬರಿಯ ವಿಷಯ ಅನ್ನಿಸುತ್ತದೆ ಹೇಳಿ? ಇವರಿಗೆ ಅನ್ನಿಸಿತು.

ಡಾಕ್ಟರ್ ಹೇಳಿದರು ಅಂತ ಆ ಮನುಷ್ಯ ಒಂದು ಕೆರೆಯ ದಡಕ್ಕೆ ರಜೆಗೆ ಹೋಗುತ್ತಾನೆ. ಅಲ್ಲಿ ಚೆನ್ನಾಗಿ ನಿದ್ದೆ ಬರುತ್ತದೆ, ಪ್ರಪಂಚದ ಮೇಲೆ ಪ್ರೀತಿ ಹುಟ್ಟುತ್ತದೆ. ಈ ಸುಖವನ್ನು ಎಲ್ಲರಿಗೂ ಹೇಳಬೇಕು ಅಂತ ಪತ್ರಿಕೆಗೆ ಪತ್ರ ಬರೆಯಲು ಕೂರುತ್ತಾನೆ. ಮಾತೇ ಹೊರಡಲ್ಲ. ಬಂದದ್ದೆಲ್ಲ ಎಲ್ಲೋ ಓದಿದ ಮಾತುಗಳೇ. ಈ ಪತ್ರ ಬರೆಯುವಾಗ ನನಗೆ ನಾಲ್ಕು ಸಲ ಅವನ ನೆನಪಾಗಿದೆ. ಊರಿಗೆ ಮರಳುತ್ತಾನೆ, ಕ್ಯಾನ್ಸರ್ ಬರುತ್ತದೆ, ಸಾಯುತ್ತಾನೆ.

ಹೀಗೆ ಹಣ ಇಲ್ಲದವರ ಬಗ್ಗೆ, ಇನ್ನೊಬ್ಬರ ಹಣ ಎಣಿಸುವವರ ಬಗ್ಗೆ ಬರೆದವರ ಹೆಸರನ್ನು ನೀವು 2004ರಲ್ಲಿ ಹಣದ ಮೇಲೆಯೇ ಹಾಕಿದಿರಿ. ಯಾರು ಯೋಚಿಸಿ ಹಾಕಿದರೋ, ಅವರ ಕೈಗೆ ನಮಸ್ಕಾರ. ತೆಗೆದದ್ದಕ್ಕೆ ಮಾತ್ರ ನನ್ನ ತಕರಾರು.

ಪಾಲಿಮರ್ ನೋಟಿನ ಹಿಂದೆ ಬಂದದ್ದು ವಿಮಿ ಯುದ್ಧ ಸ್ಮಾರಕ. 1917ರಲ್ಲಿ ಫ್ರಾನ್ಸಿನ ಆ ದಿಣ್ಣೆಗಾಗಿ ಹೋರಾಡಿ ಸತ್ತವರ ನೆನಪು. ಸತ್ತವರ ಬಗ್ಗೆ ನನಗೆ ಗೌರವ ಇದೆ, ಪ್ರತಿ ನವೆಂಬರಿನಲ್ಲಿ ನಾನೂ ಕೆಂಪು ಹೂವು ಚುಚ್ಚಿಕೊಳ್ಳುತ್ತೇನೆ. ಆದರೆ ಇದನ್ನೂ ಕೇಳಿ. ಆ ಯುದ್ಧ ಮುಗಿದು ಇನ್ನೊಂದು ಯುದ್ಧ ಬಂದಾಗ ಸೇಂಟ್ ಆನ್ರಿಯ ಗಂಡಸರು ಯಾಕೆ ಸೈನ್ಯ ಸೇರಿದರು ಅಂತ ಬರೆದವರು ಇದೇ ಹೆಂಗಸು. ಕಾದಂಬರಿಯ ಕೊನೆಯಲ್ಲಿ ಅಜಾರಿಯುಸ್ ಸಮವಸ್ತ್ರ ಹಾಕಿಕೊಂಡು ಹೆಂಡತಿಯ ಮುಂದೆ ನಿಲ್ಲುತ್ತಾನೆ. ಇನ್ನು ತಿಂಗಳು ತಿಂಗಳು ನಿನಗೆ ಸೈನ್ಯದ ಹಣ ಬರುತ್ತದೆ ಅನ್ನೋದು ಅವನ ಸಡಗರ. ಎಷ್ಟೋ ವರ್ಷದಿಂದ ಸಂಬಳ ಕಾಣದ ಮನೆಗೆ ಸಂಬಳ ತಂದದ್ದು ಯುದ್ಧ. ಸ್ಮಾರಕವನ್ನು ಇಟ್ಟು ಈ ಸಾಕ್ಷಿಯನ್ನು ತೆಗೆದರೆ ಅರ್ಧ ಮಾತು ಹೇಳಿದ ಹಾಗಾಗುತ್ತದೆ. ಎರಡಕ್ಕೂ ಜಾಗ ಇತ್ತು. ಪ್ಲಾಸ್ಟಿಕ್ಕಿನ ಕಿಟಕಿಗೆ ಜಾಗ ಮಾಡಿದವರಿಗೆ ಒಂದು ಸಾಲಿಗೆ ಜಾಗ ಸಿಗಲಿಲ್ಲವೇ?

2018ರಲ್ಲಿ ಹತ್ತರ ನೋಟಿನ ಮೇಲೆ ನೀವು ವಯೋಲಾ ಡೆಸ್ಮಂಡ್ ಅವರನ್ನು ತಂದಿರಿ. 1946ರಲ್ಲಿ ಸಿನಿಮಾ ಮಂದಿರದಲ್ಲಿ ಬಿಳಿಯರ ಸೀಟಿನಿಂದ ಏಳಲ್ಲ ಅಂದ ಕಪ್ಪು ಹೆಂಗಸು. ಅವರ ಮೇಲೆ ಹೊರಿಸಿದ ಅಪರಾಧ ಟಿಕೆಟ್ಟಿನ ತೆರಿಗೆಯಲ್ಲಿ ಒಂದು ಸೆಂಟ್ ಕಮ್ಮಿ ಕೊಟ್ಟದ್ದು. ಆ ನೋಟು ಮೊದಲ ಸಲ ಕೈಗೆ ಬಂದ ದಿನ ನಮ್ಮ ಶಾಖೆಯಲ್ಲಿ ಗ್ರಾಹಕರು ನಿಂತು ನೋಡಿದರು, ನಮ್ಮನ್ನು ಕೇಳಿದರು, ನಾವು ಹೇಳಿದೆವು. ನೋಟಿಗೆ ಅಷ್ಟು ಶಕ್ತಿ ಇದೆ. ಅದಕ್ಕೇ ಕೇಳುತ್ತಿರುವುದು.

ನನ್ನ ಮೊದಲ ಕೋರಿಕೆ, ಮುಂದೆ ಯಾವುದಾದರೂ ನೋಟಿಗೆ ಹೆಸರು ಹುಡುಕುವಾಗ ಗಾಬ್ರಿಯೆಲ್ ರ್ವಾ ಅವರನ್ನು ಪಟ್ಟಿಯಲ್ಲಿ ಇಡಿ. ಈ ಸಲ ಬರಿಯ ಸಾಲಲ್ಲ, ಮುಖ. 1945ರಲ್ಲಿ ಕಾನ್ರಾಡ್ ಪೊಯ್ರಿಯೆ ಅನ್ನುವ ಛಾಯಾಗ್ರಾಹಕ ಅವರನ್ನು ಸೇಂಟ್ ಆನ್ರಿಯ ಬೀದಿ ಮಕ್ಕಳ ಮಧ್ಯೆ ನಿಲ್ಲಿಸಿ ತೆಗೆದ ಫೋಟೊಗಳಿವೆ. ಅದಕ್ಕಿಂತ ಒಳ್ಳೇದು ಬೇಡ. ನೂರರ ನೋಟಿಗೆ ಹಾಕಬೇಡಿ, ದಯವಿಟ್ಟು. ರೋಸ್ ಆನಾ ಕೈಗೆ ನೂರರ ನೋಟು ಬರಲ್ಲ. ಐದು, ಹತ್ತು, ಇಪ್ಪತ್ತು, ಇದರಲ್ಲೇ ಇರಲಿ. ಸಾಲು ಹಾಕಿದರೆ ಎರಡೂ ಭಾಷೆಯಲ್ಲಿ ಹಾಕಿ, ಕನ್ನಡಕ ಇಲ್ಲದೆ ಓದುವಷ್ಟು ದೊಡ್ಡದಾಗಿ. ಹಿಂದಿನ ಸಲ ಅಷ್ಟು ಸಣ್ಣಗೆ ಹಾಕಿದ್ದಕ್ಕೇ ತೆಗೆದಾಗ ಯಾರಿಗೂ ಗೊತ್ತಾಗಲಿಲ್ಲ ಅಂತ ನನ್ನ ಅನುಮಾನ.

ಇದಕ್ಕೆ ಸಮಯ ಹಿಡಿಯುತ್ತದೆ, ಗೊತ್ತು. ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ಮಾಡಬಹುದು. ಒಟ್ಟಾವದಲ್ಲಿ ನಿಮ್ಮದೇ ಹಣದ ವಸ್ತುಸಂಗ್ರಹಾಲಯ ಇದೆ. ಅಲ್ಲಿ ದಿ ಕ್ಯಾಶಿಯರ್ ಪುಸ್ತಕದ ಒಂದು ಪ್ರತಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಿ, ಪಕ್ಕದಲ್ಲಿ 2004ರ ನೋಟು. ಹಾಗೇ ವರ್ಷಕ್ಕೊಮ್ಮೆ ನಿಮ್ಮ ಅಧಿಕಾರಿಗಳು ಯಾರಾದರೂ ಸೇಂಟ್ ಬೋನಿಫೇಸ್‌ಗೆ ಬರಲಿ. ಡೆಶಾಂಬೋ ಬೀದಿಯ 375ನೇ ನಂಬರಿನ ಮನೆ 2003ರಿಂದ ಮ್ಯೂಸಿಯಂ ಆಗಿದೆ. ಅಟ್ಟದ ಕಿಟಕಿಯ ಹತ್ತಿರ ನಿಂತು ಬೀದಿ ನೋಡಲಿ. ಆ ಕಿಟಕಿಯಲ್ಲಿ ಕೂತು ಆ ಹುಡುಗಿ ಕನಸು ಕಂಡದ್ದು. ಕೆಳಗೆ ಅಮ್ಮ ಲೆಕ್ಕ ಹಾಕುತ್ತಿದ್ದದ್ದು.

ಓದುತ್ತಿರುವ ಕನ್ನಡದವರಿಗೂ ಒಂದು ಮಾತು. ಈ ಹೆಂಗಸು ಮೂರು ಸಲ ಗವರ್ನರ್ ಜನರಲ್ ಪ್ರಶಸ್ತಿ ಪಡೆದು, 1983ರ ಜುಲೈ 13ರಂದು ಕ್ವಿಬೆಕ್ ನಗರದಲ್ಲಿ ತೀರಿಕೊಂಡರು. ಆತ್ಮಕಥೆ ಮರುವರ್ಷ ಹೊರಬಂತು. ಇಂಗ್ಲಿಷಿನಲ್ಲಿ ಅವರ ಪುಸ್ತಕಗಳು ಸಿಗುತ್ತವೆ. ಆದರೆ ಫ್ರೆಂಚ್ ಬಲ್ಲ ಕನ್ನಡದವರು ಈಗ ಬೇಕಾದಷ್ಟು ಜನ ಇದ್ದೀರಿ. ಮಾಂಟ್ರಿಯಲ್‌ನಲ್ಲಿ ಇದ್ದೀರಿ, ಪುದುಚೇರಿಯಲ್ಲಿ ಕಲಿತವರು ಇದ್ದೀರಿ. ಒಬ್ಬರಾದರೂ ಮೂಲದಿಂದ ನೇರ ಕನ್ನಡಕ್ಕೆ ತನ್ನಿ. ಹಿಮಗಾಳಿಯನ್ನು ಮದ್ದಿನ ಕಾರ್ಖಾನೆ ಮಾಡಬೇಡಿ ಅಷ್ಟೇ. ಕರಡು ಕಳಿಸಿದರೆ ಅಂಗಡಿಯ ಪುಟಗಳನ್ನು ನಾನು ನೋಡಿಕೊಡುತ್ತೇನೆ. ಕೌಂಟರಿನ ವಿಷಯ ನನಗೆ ಗೊತ್ತು.

ಗವರ್ನರ್ ಅವರೇ, ಆ ಅಜ್ಜಿ ಈಗ ಇಲ್ಲ. ನೋಟು ಬದಲಾದ ಚಳಿಗಾಲ ಅವರು ಹೊಸ ಇಪ್ಪತ್ತನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದರು. ಏನೂ ಅನ್ನಲಿಲ್ಲ. ನನ್ನ ಕೈಗೆ ಕೊಟ್ಟು, ಹಳೇದು ಇದ್ದರೆ ಕೊಡಮ್ಮ ಅಂದರು. ಡ್ರಾಯರಿನಲ್ಲಿ ಹುಡುಕಿ ಒಂದು ಕೊಟ್ಟೆ. ನನಗೂ ಒಂದನ್ನು ಸಂಜೆ ಬದಲಾಯಿಸಿಕೊಂಡು ಇಟ್ಟುಕೊಂಡಿದ್ದೇನೆ. ಈ ಪತ್ರದ ಇಂಗ್ಲಿಷ್ ಪ್ರತಿಯ ಜೊತೆ ಅದರ ಹಿಂಬದಿಯ ಆ ಒಂದು ಸಾಲನ್ನು ಮಾತ್ರ ಕೈಯಲ್ಲಿ ದೊಡ್ಡದಾಗಿ ಬರೆದು ಕಳಿಸಿದ್ದೇನೆ. ನೋಟಿನ ಜೆರಾಕ್ಸ್ ತೆಗೆಯಲು ನಿಮ್ಮ ಕಾನೂನಿನ ಭಯ.

ಉತ್ತರ ಇಂಗ್ಲಿಷಿನಲ್ಲಿ ಬಂದರೂ ಸರಿ, ಫ್ರೆಂಚಿನಲ್ಲಿ ಬಂದರೂ ಸರಿ. ಫ್ರೆಂಚಿನಲ್ಲಿ ಬಂದರೆ ಮಗಳ ಕೈಲಿ ಓದಿಸಿ ಕೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕ್ಯಾಶಿಯರ್,
ವಿನ್ನಿಪೆಗ್.